ಹದಿಮೂರಕ್ಕೆ ಹದಿಮೂರು ಸೋತ ತಂಡ

2003ರಲ್ಲಿ ಅಮೆರಿಕದ ಸೇನಾ ಅಕಾಡೆಮಿಯ ಫುಟ್‌ಬಾಲ್ ತಂಡ 13 ಪಂದ್ಯ ಆಡಿತು. ಹದಿಮೂರನ್ನೂ ಸೋತಿತು. ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ ಒಂದೇ ಸೀಸನ್ನಿನಲ್ಲಿ ಅಷ್ಟು ಸಲ ಸೋತವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅರ್ಧ ದಾರಿಯಲ್ಲೇ ಕೋಚ್ ಟಾಡ್ ಬೆರ್ರಿಯನ್ನು ಮನೆಗೆ ಕಳಿಸಿದರು. ಕೋಚ್ ಹೋದರೂ ಸೋಲು ಹೋಗಲಿಲ್ಲ. ಕೊನೆಯ ಪಂದ್ಯದಲ್ಲಿ ನೌಕಾ ಅಕಾಡೆಮಿಯವರು 34–6ರಿಂದ ಸೋಲಿಸಿ ಲೆಕ್ಕ ಮುಗಿಸಿದರು.

ಇದೇ ತಂಡ 1944ರಿಂದ 1946ರವರೆಗೆ 28 ಪಂದ್ಯ ಆಡಿ 27 ಗೆದ್ದಿತ್ತು. ಉಳಿದ ಒಂದೂ ಸೋಲಲ್ಲ, ಡ್ರಾ.

ಈ ಎರಡೂ ಒಂದೇ ತಂಡದ ಕತೆ ಅಂತ ಗೊತ್ತಾದಾಗಿನಿಂದ ನನಗೆ ಇದರ ಗೀಳು ಹತ್ತಿದೆ. ನಾನು ಕ್ರಿಕೆಟ್ ನೋಡಿ ಬೆಳೆದವನು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇಲ್ಲಿನ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟ, ಶುದ್ಧ ತಳ್ಳಾಟದ ಹಾಗೆ ಕಾಣುತ್ತಿತ್ತು. ಹನ್ನೊಂದು ಜನ ಹನ್ನೊಂದು ಜನರ ಮೇಲೆ ಬೀಳುತ್ತಾರೆ, ಸೀಟಿ ಊದುತ್ತದೆ, ಎಲ್ಲರೂ ಎದ್ದು ಮತ್ತೆ ಸಾಲು ನಿಲ್ಲುತ್ತಾರೆ. ನಾಲ್ಕು ಪ್ರಯತ್ನದಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಮುಂದಿನದ್ದು ಓದಲು ಸಾಕು.

ಸೇನಾ ಅಕಾಡೆಮಿಯ ಊರು ವೆಸ್ಟ್ ಪಾಯಿಂಟ್ ಇರುವುದು ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ, ಹಡ್ಸನ್ ನದಿ ತಿರುವು ತೆಗೆದುಕೊಳ್ಳುವ ಕಡೆ. ನದಿಯ ಈಚೆ ದಡದ ಗುಂಟ ರೈಲು ಹೋಗುತ್ತದೆ. ಗ್ಯಾರಿಸನ್ ಸ್ಟೇಷನ್ ಬಂದಾಗ ಎಡಗಡೆ ಕಿಟಕಿಯಲ್ಲಿ ನೋಡಿದರೆ ಆಚೆ ದಡದ ಗುಡ್ಡಕ್ಕೆ ಅಂಟಿಕೊಂಡ ಹಾಗೆ ಬೂದು ಬಣ್ಣದ ಕಲ್ಲಿನ ಕಟ್ಟಡಗಳು ಕಾಣುತ್ತವೆ. ಕಾಲೇಜಿಗಿಂತ ಕೋಟೆಯ ಕಳೆಯೇ ಜಾಸ್ತಿ. 1802ರಲ್ಲಿ ಶುರುವಾದ ಅಕಾಡೆಮಿ ಅದು. ಅಲ್ಲಿ ಓದುವವರಿಗೆ ಫೀಸಿಲ್ಲ. ಓದು ಮುಗಿದ ಮೇಲೆ ಸೇನೆಯಲ್ಲಿ ಅಧಿಕಾರಿಯಾಗಿ ವರ್ಷಗಟ್ಟಲೆ ದುಡಿಯಬೇಕು. ಫುಟ್‌ಬಾಲ್ ಆಟಗಾರರಿಗೂ ಅದೇ ನಿಯಮ. ಈ ಒಂದು ಷರತ್ತಿನಲ್ಲೇ ತಂಡದ ಅರ್ಧ ಇತಿಹಾಸ ಅಡಗಿದೆ.

ಆಟವನ್ನು ಅಲ್ಲಿಗೆ ತಂದವನು ಡೆನಿಸ್ ಮೈಕಿ ಎಂಬ ಕೆಡೆಟ್. ಅವನ ಅಪ್ಪ ಅಲ್ಲೇ ಪ್ರೊಫೆಸರ್. ಆಗ ಅಧಿಕಾರಿಗಳಿಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ, ಹುಡುಗರು ಕೆಡುತ್ತಾರೆ ಅನ್ನುವ ಭಯ. ಮೈಕಿ ಒಂದು ಉಪಾಯ ಮಾಡಿದ ಅಂತ ಹೇಳುತ್ತಾರೆ. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿದ್ದ ಗೆಳೆಯರಿಂದ ತಮಗೆ ಒಂದು ಸವಾಲು ಬರುವ ಹಾಗೆ ನೋಡಿಕೊಂಡನಂತೆ. ನೌಕಾದಳದವರು ಸವಾಲು ಹಾಕಿದಾಗ ಭೂಸೇನೆಯವರು ಬೇಡ ಅನ್ನಲಾದೀತೇ? ಮೇಲಾಗಿ ಅಪ್ಪನ ಮಾತಿಗೂ ಅಲ್ಲಿ ತೂಕವಿತ್ತು. ಅಂತೂ ಒಪ್ಪಿಗೆ ಸಿಕ್ಕಿತು. ನೌಕಾ ತಂಡದ ಪ್ರಯಾಣದ ಅರ್ಧ ಖರ್ಚು ಕೊಡಲು ಕೆಡೆಟ್‌ಗಳು ತಲೆಗೆ 52 ಸೆಂಟ್‌ನಂತೆ ಚಂದಾ ಎತ್ತಿದರು. 1890ರ ನವೆಂಬರ್ 29ರಂದು ವೆಸ್ಟ್ ಪಾಯಿಂಟ್‌ನ ಕವಾಯತು ಮೈದಾನದಲ್ಲಿ ಪಂದ್ಯ ನಡೆಯಿತು. ಮೈಕಿಯ ತಂಡದಲ್ಲಿ ಈ ಆಟವನ್ನು ಮುಂಚೆ ಆಡಿದವರೇ ಬೆರಳೆಣಿಕೆಯಷ್ಟು. ಚಂದಾ ಕೊಟ್ಟು ಕರೆಸಿಕೊಂಡವರ ಕೈಯಲ್ಲಿ 24–0ರಿಂದ ಏಟು ತಿಂದರು. ಮರುವರ್ಷ ಅನಾಪೊಲಿಸ್‌ಗೆ ಹೋಗಿ 32–16ರಿಂದ ಸೇಡು ತೀರಿಸಿಕೊಂಡರು. ಅಲ್ಲಿಂದ ಶುರುವಾದ ಪೈಪೋಟಿ ಇವತ್ತಿಗೂ ನಿಂತಿಲ್ಲ.

ನಡುವೆ ನಿಂತದ್ದೂ ಉಂಟು. 1893ರ ಪಂದ್ಯದ ಹೊತ್ತಿಗೆ ಬಿಸಿ ಎಷ್ಟು ಏರಿತ್ತೆಂದರೆ, ಒಬ್ಬ ಜನರಲ್‌ಗೂ ಒಬ್ಬ ಅಡ್ಮಿರಲ್‌ಗೂ ಮಾತಿಗೆ ಮಾತು ಬೆಳೆದು ದ್ವಂದ್ವಯುದ್ಧದವರೆಗೆ ಹೋಯಿತಂತೆ. ವಿಷಯ ಅಧ್ಯಕ್ಷ ಕ್ಲೀವ್‌ಲೆಂಡರ ಸಂಪುಟದ ತನಕ ಹೋಗಿ, 1894ರಿಂದ 1898ರವರೆಗೆ ಪಂದ್ಯವೇ ನಡೆಯಲಿಲ್ಲ. ದೊಡ್ಡವರ ಜಗಳಕ್ಕೆ ಹುಡುಗರ ಆಟ ಬಂದ್. ಮತ್ತೆ ಶುರುವಾದದ್ದು 1899ರಲ್ಲಿ, ಎರಡೂ ಊರು ಬಿಟ್ಟು ಫಿಲಡೆಲ್ಫಿಯಾದಲ್ಲಿ. ಅದನ್ನು ನೋಡಲು ಮೈಕಿ ಇರಲಿಲ್ಲ. 1898ರ ಜುಲೈ 1ರಂದು ಕ್ಯೂಬಾದ ಸಾನ್ ಹ್ವಾನ್ ಗುಡ್ಡದ ಕಾಳಗದಲ್ಲಿ ಗುಂಡು ತಗುಲಿ ತೀರಿಕೊಂಡಿದ್ದ. ವೆಸ್ಟ್ ಪಾಯಿಂಟ್‌ನ ಕ್ರೀಡಾಂಗಣಕ್ಕೆ ಅವನ ಹೆಸರೇ ಇದೆ.

ಆಗಿನ ಆಟ ಎಷ್ಟು ಒರಟು ಅಂದರೆ ಸಾವು ಮೈದಾನದಲ್ಲೇ ಬರುತ್ತಿತ್ತು. 1909ರಲ್ಲಿ ಹಾರ್ವರ್ಡ್ ವಿರುದ್ಧದ ಪಂದ್ಯದಲ್ಲಿ ಯೂಜೀನ್ ಬರ್ನ್ ಎಂಬ ಕೆಡೆಟ್‌ಗೆ ಪೆಟ್ಟಾಯಿತು. ಮರುದಿನ ಆತ ಸತ್ತ. ಆ ವರ್ಷದ ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿದರು.

ಇಷ್ಟರಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವ ಪಂದ್ಯ 1912ರದ್ದು. ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ಗೆ ಆಡಲು ಬಂದದ್ದು ಕಾರ್ಲೈಲ್ ಇಂಡಿಯನ್ ಸ್ಕೂಲ್. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ಅವರವರ ಊರಿಂದ ತಂದು, ಕೂದಲು ಕತ್ತರಿಸಿ, ಮಾತೃಭಾಷೆ ಬಿಡಿಸಿ, ಬಿಳಿಯರ ರೀತಿ ಕಲಿಸಲು ಮಾಡಿದ ಶಾಲೆ. 1879ರಲ್ಲಿ ಅದನ್ನು ತೆರೆದವನು ಒಬ್ಬ ಸೇನಾಧಿಕಾರಿ. ತೆರೆದ ಜಾಗ ಸೇನೆಯ ಹಳೇ ಬ್ಯಾರಕ್. ಇನ್ನೊಂದು ತಾರೀಖು ಗಮನಿಸಿ. ಮೈಕಿಯ ಆ ಮೊದಲ ಪಂದ್ಯ ನಡೆದ ಸರಿಯಾಗಿ ಒಂದು ತಿಂಗಳಿಗೆ, 1890ರ ಡಿಸೆಂಬರ್ 29ರಂದು, ವೂಂಡೆಡ್ ನೀ ಎಂಬಲ್ಲಿ ಇದೇ ಸೇನೆ ಲಕೋಟಾ ಎಂಬ ಮೂಲನಿವಾಸಿ ಜನರನ್ನು, ಹೆಂಗಸರು ಮಕ್ಕಳೆನ್ನದೆ ಕೊಂದಿತ್ತು. ಅದಾಗಿ 22 ವರ್ಷಕ್ಕೆ ಆ ಕಡೆಯ ಹುಡುಗರೂ ಈ ಕಡೆಯ ಭಾವಿ ಅಧಿಕಾರಿಗಳೂ ಎದುರುಬದುರು ಸಾಲು ನಿಂತರು.

ಕಾರ್ಲೈಲ್ 27, ಆರ್ಮಿ 6.

ಕಾರ್ಲೈಲ್ ತಂಡದಲ್ಲಿದ್ದವನು ಜಿಮ್ ಥಾರ್ಪ್. ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದು ಬಂದಿದ್ದ. ಅವನನ್ನು ಹೇಗಾದರೂ ಮಾಡಿ ಮೈದಾನದಿಂದ ಆಚೆ ಕಳಿಸಬೇಕೆಂದು ಆರ್ಮಿಯ ಇಬ್ಬರು ಹುಡುಗರು ಒಟ್ಟಿಗೆ ಮೇಲೆ ಬಿದ್ದರು. ಥಾರ್ಪ್ ಎದ್ದು ಆಡಿದ, ಇವರೇ ಆಚೆ ಹೋಗಬೇಕಾಯಿತು. ಆ ಇಬ್ಬರಲ್ಲಿ ಒಬ್ಬ ಡ್ವೈಟ್ ಐಸೆನ್‌ಹೋವರ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಿತ್ರಪಡೆಗಳ ಮುಖ್ಯಸ್ಥ, ಆಮೇಲೆ ದೇಶದ ಅಧ್ಯಕ್ಷ. ಮುಂದಿನ ವಾರವೇ ಟಫ್ಟ್ಸ್ ವಿರುದ್ಧ ಆಡುವಾಗ ಅವನ ಮಂಡಿ ಹೋಯಿತು. ಆಮೇಲೆ ಕುದುರೆ ಕವಾಯತಿನಲ್ಲಿ ಪೂರ್ತಿ ಕೆಟ್ಟಿತು. ಆಟ ಅಲ್ಲಿಗೆ ಮುಗಿಯಿತು. 1915ರಲ್ಲಿ ಪಾಸಾಗುವಾಗ ಆ ಮಂಡಿಯ ಕಾರಣಕ್ಕೆ ಇವನನ್ನು ಸೇನೆಗೆ ತೆಗೆದುಕೊಳ್ಳುವುದೋ ಬೇಡವೋ ಎಂದು ವೈದ್ಯಾಧಿಕಾರಿ ಅನುಮಾನಿಸಿದ್ದರು. ಅಂದರೆ ಫುಟ್‌ಬಾಲ್ ಐಸೆನ್‌ಹೋವರನ್ನು ತಯಾರು ಮಾಡಿತು ಅನ್ನುವವರು ಇದನ್ನೂ ಸೇರಿಸಿ ಹೇಳಬೇಕು. ಅದು ಅವನನ್ನು ಸೇನೆಯಿಂದಲೇ ಆಚೆ ಇಡುವುದರಲ್ಲಿತ್ತು!

ಹಾಗೆ ಅನ್ನುವವರು ಬಹಳ ಜನ. ಅದಕ್ಕೆ ಮೂಲ ಡಗ್ಲಾಸ್ ಮೆಕಾರ್ಥರ್. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಿಂದ 1922ರವರೆಗೆ ಅಕಾಡೆಮಿಯ ಮುಖ್ಯಸ್ಥನಾಗಿದ್ದಾಗ ಪ್ರತಿಯೊಬ್ಬ ಕೆಡೆಟ್ ಯಾವುದಾದರೂ ಒಂದು ಆಟ ಆಡಲೇಬೇಕು ಎಂದು ನಿಯಮ ಮಾಡಿದ. ಸ್ನೇಹದ ಸೆಣಸಿನ ಮೈದಾನದಲ್ಲಿ ಬಿತ್ತಿದ ಬೀಜ ಮುಂದೊಂದು ದಿನ ಬೇರೆ ಮೈದಾನದಲ್ಲಿ ಗೆಲುವಿನ ಫಲ ಕೊಡುತ್ತದೆ ಎಂಬ ಅರ್ಥದ ಮಾತು ಅವನದು. ಅಲ್ಲಿನ ಜಿಮ್ನೇಷಿಯಮ್ ಗೋಡೆಯ ಮೇಲೆ ಅದನ್ನು ಕೆತ್ತಿದ್ದಾರೆ. ಮಾತು ಚೆನ್ನಾಗಿದೆ. ಆದರೆ ಈ ತಂಡದ ಇತಿಹಾಸ ಓದಿದರೆ ನನಗೆ ಕಾಣುವುದು ಅದರ ಉಲ್ಟಾ. ಮೈದಾನ ಯುದ್ಧ ಗೆದ್ದುಕೊಟ್ಟಿತೋ ಇಲ್ಲವೋ, ಯುದ್ಧ ಮಾತ್ರ ಮೈದಾನದಲ್ಲಿ ಬಹಳ ಗೆದ್ದುಕೊಟ್ಟಿದೆ.

1940ರ ತಂಡವನ್ನೇ ನೋಡಿ. ಒಂದು ಗೆಲುವು, ಏಳು ಸೋಲು, ಒಂದು ಡ್ರಾ. ಮರುವರ್ಷ ಅರ್ಲ್ ಬ್ಲೇಕ್ ಕೋಚ್ ಆಗಿ ಬಂದರು. ಕೆಂಪು ಕೂದಲಿನ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ರೆಡ್ ಬ್ಲೇಕ್ ಎಂದೇ. ವೆಸ್ಟ್ ಪಾಯಿಂಟ್‌ನ ಹಳೇ ವಿದ್ಯಾರ್ಥಿ, ಶಿಸ್ತೆಂದರೆ ಶಿಸ್ತು. ಅವರು ದೊಡ್ಡ ಕೋಚ್ ಅನ್ನುವುದರಲ್ಲಿ ಎರಡು ಮಾತಿಲ್ಲ. 18 ವರ್ಷದಲ್ಲಿ 121 ಗೆಲುವು, 33 ಸೋಲು. ಆದರೆ ಕಾಲವೂ ಅವರ ಕೈ ಹಿಡಿಯಿತು. ಯುದ್ಧ ಬಂದು ಉಳಿದ ಕಾಲೇಜುಗಳ ಹುಡುಗರೆಲ್ಲ ಸೇನೆಗೆ ಕಡ್ಡಾಯವಾಗಿ ಸೇರುತ್ತಿದ್ದಾಗ, ವೆಸ್ಟ್ ಪಾಯಿಂಟ್‌ನಲ್ಲಿ ಸೀಟು ಸಿಕ್ಕವನು ಓದು ಮುಗಿಯುವವರೆಗೆ ಅಲ್ಲೇ ಇರಬಹುದಿತ್ತು. ಓದಬಹುದು, ಆಡಬಹುದು, ಕೊನೆಗೆ ಅಧಿಕಾರಿಯಾಗಬಹುದು. ದೇಶದ ಒಳ್ಳೊಳ್ಳೆ ಆಟಗಾರರು ಅಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಹಾಗೆ ಬಂದವರಲ್ಲಿ ಡಾಕ್ ಬ್ಲಾಂಚರ್ಡ್ ಮತ್ತು ಗ್ಲೆನ್ ಡೇವಿಸ್ ಜೋಡಿ. ಬ್ಲಾಂಚರ್ಡ್ ಗೋಡೆ ಒಡೆದ ಹಾಗೆ ನಡುವೆ ನುಗ್ಗುವವನು, ಡೇವಿಸ್ ಅಂಚಿನಿಂದ ಸುತ್ತಿ ಓಡುವವನು. ಪತ್ರಿಕೆಗಳು ಅವರಿಗಿಟ್ಟ ಹೆಸರು ಮಿಸ್ಟರ್ ಇನ್‌ಸೈಡ್, ಮಿಸ್ಟರ್ ಔಟ್‌ಸೈಡ್. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ 1945ರಲ್ಲಿ ಒಬ್ಬನಿಗೆ, 1946ರಲ್ಲಿ ಇನ್ನೊಬ್ಬನಿಗೆ. ನೋಟರ್ ಡೇಮ್ ವಿಶ್ವವಿದ್ಯಾಲಯ 1943ರಲ್ಲಿ ಆರ್ಮಿಯನ್ನು 26–0ರಿಂದ ಸೋಲಿಸಿತ್ತು. 1944ರಲ್ಲಿ ಆರ್ಮಿ ತಿರುಗಿ ಕೊಟ್ಟದ್ದು 59–0. ಆ ವರ್ಷ ನೌಕಾ ಅಕಾಡೆಮಿಯನ್ನೂ ಸೋಲಿಸಿ ಅಜೇಯವಾಗಿ ಸೀಸನ್ ಮುಗಿಸಿದಾಗ ಫಿಲಿಪೀನ್ಸ್‌ನಲ್ಲಿ ಯುದ್ಧ ಮಾಡುತ್ತಿದ್ದ ಮೆಕಾರ್ಥರ್ ಬ್ಲೇಕ್‌ಗೆ ತಂತಿ ಕಳಿಸಿದ. ನಿಮ್ಮ ಗೆಲುವು ಆಚರಿಸಲು ಯುದ್ಧ ನಿಲ್ಲಿಸಿದ್ದೇವೆ ಅಂತ! ತಮಾಷೆಗೇ ಬರೆದದ್ದು. ಆದರೂ ಆ ತಂತಿಯನ್ನು ಯಾವ ಕಂದಕದಲ್ಲಿದ್ದ ಸಿಪಾಯಿಯಾದರೂ ಓದಿದ್ದರೆ ಏನಂದುಕೊಳ್ಳುತ್ತಿದ್ದನೋ.

ಯುದ್ಧ ಮುಗಿಯಿತು. ಉಳಿದ ಕಾಲೇಜುಗಳಿಗೆ ಅವರ ಹುಡುಗರು ವಾಪಸ್ ಬಂದರು. 1946ರ ನವೆಂಬರ್ 9ರಂದು ಯಾಂಕೀ ಸ್ಟೇಡಿಯಂನಲ್ಲಿ ಆರ್ಮಿ ಮತ್ತು ನೋಟರ್ ಡೇಮ್ ಮತ್ತೆ ಎದುರಾದಾಗ ಸ್ಕೋರು 0–0. ನೌಕಾಪಡೆಯಿಂದ ಮರಳಿದ್ದ ಜಾನಿ ಲುಜಾಕ್, ಎದುರಿಗೆ ಯಾರೂ ಇಲ್ಲದೆ ಓಡುತ್ತಿದ್ದ ಬ್ಲಾಂಚರ್ಡ್‌ನ ಕಾಲು ಹಿಡಿದು ಕೆಡವಿದ. ಆ ಒಂದು ಡ್ರಾ ಬಂದದ್ದು ಹಾಗೆ. ಅದೇ ತಿಂಗಳ ಕೊನೆಗೆ, ವರ್ಷವೆಲ್ಲ ಸೋತು ಸುಣ್ಣವಾಗಿದ್ದ ನೌಕಾ ತಂಡದ ಎದುರು ಆರ್ಮಿ 21–18ರಿಂದ ಬಚಾವಾಯಿತು. ಸಮಯ ಮುಗಿದಾಗ ಎದುರಾಳಿಗಳು ಗೋಲ್ ಗೆರೆಯ ಬಾಗಿಲಲ್ಲೇ ನಿಂತಿದ್ದರು.

ಇನ್ನು 1951. ಈ ಇತಿಹಾಸದಲ್ಲಿ ಎಲ್ಲರೂ ಬೇಗ ದಾಟಿಹೋಗಲು ನೋಡುವ ವರ್ಷ.

ವೆಸ್ಟ್ ಪಾಯಿಂಟ್‌ನಲ್ಲಿ ಒಂದು ಗೌರವ ಸಂಹಿತೆ ಇದೆ. ಸುಳ್ಳು ಹೇಳಬಾರದು, ಮೋಸ ಮಾಡಬಾರದು, ಕದಿಯಬಾರದು. ಹಾಗೆ ಮಾಡಿದವರನ್ನು ಕಂಡೂ ಸುಮ್ನೆ ಇರಬಾರದು. ಕಷ್ಟವಾಗುವುದು ಆ ಕೊನೆಯ ಮಾತು. ಆಗ ಕೆಡೆಟ್‌ಗಳನ್ನು ಎರಡು ರೆಜಿಮೆಂಟ್ ಮಾಡಿದ್ದರು. ಕಿರುಪರೀಕ್ಷೆ ಒಂದು ರೆಜಿಮೆಂಟಿಗೆ ಇವತ್ತು ನಡೆದರೆ ಇನ್ನೊಂದಕ್ಕೆ ನಾಳೆ. ಪ್ರಶ್ನೆಪತ್ರಿಕೆ ಮಾತ್ರ ಅದೇ. ಸಂಹಿತೆ ಇದೆಯಲ್ಲ, ಯಾರು ಹೇಳಿಕೊಡುತ್ತಾರೆ ಎಂಬ ನಂಬಿಕೆ. ದಿನವಿಡೀ ಪಾಠ, ಕವಾಯತು, ಮೇಲೆ ಬ್ಲೇಕರ ಅಭ್ಯಾಸ. ಓದಲು ಪುರಸೊತ್ತಿಲ್ಲದ ಹುಡುಗರು ಊಟದ ಟೇಬಲ್ಲಿನಲ್ಲಿ ಪ್ರಶ್ನೆ ದಾಟಿಸಲು ಶುರುಮಾಡಿದರು. ಮೊದಲು ಇಬ್ಬರು ಮೂವರು, ಆಮೇಲೆ ತಂಡಕ್ಕೆ ತಂಡವೇ. ವಿಷಯ ಹೊರಬಿದ್ದು 1951ರ ಆಗಸ್ಟ್‌ನಲ್ಲಿ ಸುಮಾರು 90 ಕೆಡೆಟ್‌ಗಳನ್ನು ಹೊರಗೆ ಹಾಕಿದರು. ಅದರಲ್ಲಿ 37 ಮಂದಿ ಫುಟ್‌ಬಾಲ್ ಆಟಗಾರರು. ಒಬ್ಬ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಮೊದಲು ಕೈಗೆ ಬಂದು ಆಟ ನಡೆಸುವವನು. ಹೆಸರು ಬಾಬ್ ಬ್ಲೇಕ್, ಕೋಚ್‌ನ ಸ್ವಂತ ಮಗ.

ಹೊರಬಿದ್ದವರಲ್ಲಿ ಕೆಲವರು ಪ್ರಶ್ನೆ ಕದ್ದವರೂ ಅಲ್ಲ, ನೋಡಿದವರೂ ಅಲ್ಲ. ರೂಮಿನ ಗೆಳೆಯ ಮಾಡುತ್ತಿದ್ದದ್ದು ಗೊತ್ತಿತ್ತು, ಹೇಳಲಿಲ್ಲ, ಅಷ್ಟೆ. ಕೇಳಿದಾಗ ನಿಜ ಹೇಳಿದರು. ನಿಜ ಹೇಳಿದ್ದಕ್ಕೇ ಹೋದರು. ಸುಳ್ಳು ಹೇಳಿ ಉಳಿದವರೂ ಇದ್ದಿರಬೇಕು ಅನ್ನುವುದು ನನ್ನ ಗುಮಾನಿ. ಕೊರಿಯಾದಲ್ಲಿ ಆಗ ಯುದ್ಧ ನಡೆಯುತ್ತಿತ್ತು. ನಾಳೆ ಜೊತೆಗಾರನ ಜೀವಕ್ಕೆ ಜವಾಬ್ದಾರನಾಗಬೇಕಾದವನಿಗೆ ಇವತ್ತು ಜೊತೆಗಾರನನ್ನು ಹಿಡಿದುಕೊಡು ಅನ್ನುತ್ತೀರಿ. ಇದು ಸರಿಯೋ ತಪ್ಪೋ ನಾನು ತೀರ್ಪು ಕೊಡಲಾರೆ. ಆದರೆ ಎರಡು ದಿನಕ್ಕೂ ಒಂದೇ ಪ್ರಶ್ನೆಪತ್ರಿಕೆ ಇಟ್ಟ ಮೇಷ್ಟರುಗಳನ್ನು ಯಾರೂ ಹೊರಗೆ ಹಾಕಲಿಲ್ಲ ಅನ್ನುವುದು ನನಗೆ ಇವತ್ತಿಗೂ ಕಡಿಯುತ್ತದೆ.

ಬ್ಲೇಕ್ ರಾಜೀನಾಮೆ ಕೊಡಲು ಹೊರಟಿದ್ದರು. ಗುಂಡು ಹಾರುತ್ತಿರುವಾಗ ಜಾಗ ಬಿಡಬೇಡ ಎಂದು ಮೆಕಾರ್ಥರ್ ತಡೆದ. ಆ ವರ್ಷ ಗೆದ್ದದ್ದು ಎರಡು ಪಂದ್ಯ, ಸೋತದ್ದು ಏಳು. ಆಗ ಬ್ಲೇಕರ ಸಹಾಯಕ ಕೋಚ್ ಆಗಿದ್ದವನು ವಿನ್ಸ್ ಲೊಂಬಾರ್ಡಿ. ಮುಂದೆ ಅವನ ಹೆಸರನ್ನೇ ವೃತ್ತಿಪರ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್‌ನ ಟ್ರೋಫಿಗೆ ಇಟ್ಟರು. 1953ರ ಹೊತ್ತಿಗೆ ತಂಡ ಮತ್ತೆ ಎದ್ದು ನಿಂತಿತು.

1958 ಬ್ಲೇಕರ ಕೊನೆಯ ವರ್ಷ. ಆಗ ಅವರು ಒಂದು ಚಂದದ ಕುತಂತ್ರ ಹೂಡಿದರು. ಪ್ರತಿ ಪ್ರಯತ್ನಕ್ಕೂ ಮುಂಚೆ ಆಟಗಾರರೆಲ್ಲ ತಲೆಗೆ ತಲೆ ಸೇರಿಸಿ ಮುಂದೇನು ಅಂತ ಮಾತಾಡಿಕೊಳ್ಳುವುದು ಪದ್ಧತಿ. ಬಿಲ್ ಕಾರ್ಪೆಂಟರ್ ಎಂಬ ಆಟಗಾರ ಮಾತ್ರ ಆ ಗುಂಪಿಗೆ ಬರುತ್ತಲೇ ಇರಲಿಲ್ಲ. ದೂರದ ಅಂಚಿನಲ್ಲಿ ಒಬ್ಬನೇ ನಿಂತಿರುತ್ತಿದ್ದ. ಪತ್ರಿಕೆಗಳು ಅವನನ್ನು ಒಂಟಿ ಆಟಗಾರ ಎಂದವು. ಮುಂದಿನ ಆಟ ಅವನಿಗೆ ಹೇಗೆ ಗೊತ್ತಾಗುತ್ತದೆ ಎಂದು ದೇಶವೆಲ್ಲ ತಲೆ ಕೆಡಿಸಿಕೊಂಡಿತು. ಕ್ವಾರ್ಟರ್‌ಬ್ಯಾಕ್ ಗುಂಪಿನಲ್ಲಿ ಪಾದ ಹೇಗೆ ಇಡುತ್ತಾನೆ ಅನ್ನುವುದೇ ಸನ್ನೆ. ಒಂದು ಕಾಲು ಮುಂದಿದ್ದರೆ ಒಂದರ್ಥ, ಎರಡೂ ಸಮ ಇದ್ದರೆ ಇನ್ನೊಂದು. ಆ ವರ್ಷ ಆರ್ಮಿ ಒಂದೂ ಸೋಲಲಿಲ್ಲ.

ಕಾರ್ಪೆಂಟರ್ 1966ರಲ್ಲಿ ವಿಯೆಟ್ನಾಂನಲ್ಲಿ ಕ್ಯಾಪ್ಟನ್. ಶತ್ರುಗಳು ಸುತ್ತುವರಿದಾಗ, ತಾನಿದ್ದ ಜಾಗದ ಮೇಲೇ ನೇಪಾಮ್ ಎಂಬ ಬೆಂಕಿ ಬಾಂಬು ಹಾಕಿ ಎಂದು ರೇಡಿಯೋದಲ್ಲಿ ವಿಮಾನಗಳಿಗೆ ಹೇಳಿದ. ಬದುಕಿ ಬಂದ, ಮುಂದೆ ಲೆಫ್ಟಿನೆಂಟ್ ಜನರಲ್ ಆದ. ಮೆಕಾರ್ಥರನ ಮಾತಿಗೆ ಇವನಿಗಿಂತ ಒಳ್ಳೆಯ ಸಾಕ್ಷಿ ಬೇಕೇ ಅನ್ನುತ್ತಾರೆ. ಇರಬಹುದು. ಆದರೆ 1955ರಲ್ಲಿ ಬ್ಲೇಕ್ ಹಟ ಹಿಡಿದು ಕ್ವಾರ್ಟರ್‌ಬ್ಯಾಕ್ ಮಾಡಿದ ಡಾನ್ ಹೊಲೆಡರ್ ಕೂಡ ಅದೇ ಮೈದಾನದಲ್ಲಿ ಬೆಳೆದವನು. 1967ರ ಅಕ್ಟೋಬರ್‌ನಲ್ಲಿ ಓಂಗ್ ಥಾನ್ ಕಾಳಗದಲ್ಲಿ ಗಾಯಾಳುಗಳ ಕಡೆಗೆ ಓಡುತ್ತಿದ್ದಾಗ ಗುಂಡಿಗೆ ಬಿದ್ದ. ಧೈರ್ಯ ಇಬ್ಬರದೂ ಒಂದೇ. ಅದರಲ್ಲಿ ಫುಟ್‌ಬಾಲಿನ ಪಾಲೆಷ್ಟು ಅಂತ ಯಾರು ಅಳೆಯುತ್ತಾರೆ? ಫುಟ್‌ಬಾಲ್ ಮುಟ್ಟದವರೂ ಅಲ್ಲಿ ಹಾಗೇ ಓಡಿದರು, ಹಾಗೇ ಬಿದ್ದರು.

ವಿಯೆಟ್ನಾಂ ಯುದ್ಧ ತಂಡಕ್ಕೆ ಮಾಡಿದ್ದು ಎರಡನೇ ಮಹಾಯುದ್ಧ ಮಾಡಿದ್ದರ ತದ್ವಿರುದ್ಧ. ಸೀಸನ್ ಮುಗಿದ ಮೇಲೆ ಒಳ್ಳೆ ತಂಡಗಳನ್ನು ಕರೆದು ಆಡಿಸುವ ಪಂದ್ಯಗಳಿಗೆ ಬೌಲ್ ಅನ್ನುತ್ತಾರೆ. 1967ರಲ್ಲಿ ಎಂಟು ಪಂದ್ಯ ಗೆದ್ದ ತಂಡಕ್ಕೆ ಶುಗರ್ ಬೌಲ್‌ಗೆ ಕರೆ ಬಂತು. ಪೆಂಟಗನ್ ಬೇಡ ಅಂದಿತು. ಹುಡುಗರು ಸಾಯುತ್ತಿರುವಾಗ ಜಾತ್ರೆಯ ಆಟ ಯಾಕೆ ಎಂಬ ಸಂಕೋಚ ಇದ್ದಿರಬಹುದು. ಆಮೇಲಾಮೇಲೆ ಆಡಬಲ್ಲ ಹುಡುಗರು ಅತ್ತ ತಲೆ ಹಾಕುವುದನ್ನೇ ಕಮ್ಮಿ ಮಾಡಿದರು. ಬೇರೆ ಕಾಲೇಜಿಗೆ ಹೋದರೆ ವೃತ್ತಿಪರ ತಂಡ, ದುಡ್ಡು. ಇಲ್ಲಿ ಬಂದರೆ ತಲೆ ಬೋಳಿಸಿ ಕವಾಯತು, ಆಮೇಲೆ ಐದು ವರ್ಷ ಸೇನೆ. 1973ರಲ್ಲಿ ಹತ್ತಕ್ಕೆ ಹತ್ತೂ ಸೋಲು. ನೌಕಾ ಅಕಾಡೆಮಿ ಎದುರು 51–0.

ಇದಕ್ಕೆ ಮದ್ದು ಕಂಡುಹಿಡಿದವರು ಜಿಮ್ ಯಂಗ್. 1983ರಲ್ಲಿ ಬಂದು ಒಂಬತ್ತು ಪಂದ್ಯ ಸೋತ ಮೇಲೆ ಅವರಿಗೆ ಒಂದು ಸತ್ಯ ಅರ್ಥವಾಯಿತು. ದೊಡ್ಡ ಕಾಲೇಜುಗಳ ದೈತ್ಯರನ್ನು ನಮ್ಮ ಹುಡುಗರು ತಳ್ಳಿ ಗೆಲ್ಲಲಾರರು. ತಳ್ಳದೆಯೇ ಗೆಲ್ಲಬೇಕು. ಆಗ ತಂದದ್ದು ಟ್ರಿಪಲ್ ಆಪ್ಷನ್. ಇದರಲ್ಲಿ ಎದುರಾಳಿಯ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನಡುವಿನ ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು ಆ ಒಬ್ಬನನ್ನೇ ನೋಡುತ್ತಾನೆ. ಕಬಡ್ಡಿಯ ರೈಡರ್ ಮೂಲೆಯವನ ಕಾಲು ಯಾವ ಕಡೆ ವಾಲುತ್ತದೆ ಅಂತ ನೋಡುತ್ತಾನಲ್ಲ, ಹಾಗೆ. ಅವನು ಅಂಚಿನಲ್ಲೇ ನಿಂತರೆ ಚೆಂಡು ನಡುವಿನವನಿಗೆ. ಒಳಗೆ ನುಗ್ಗಿದರೆ ಚೆಂಡು ಎಳೆದುಕೊಂಡು ತಾನೇ ಓಡುತ್ತಾನೆ. ಮುಂದೆ ಇನ್ನೊಬ್ಬ ಎದುರಾದರೆ ಪಕ್ಕದಲ್ಲಿ ಜೊತೆಗೇ ಓಡಿಬರುವ ಮೂರನೆಯವನಿಗೆ ಎಸೆಯುತ್ತಾನೆ. ಎಲ್ಲ ಎರಡು ಸೆಕೆಂಡಿನ ಒಳಗೆ. ಮೈ ತೂಕ ಕಮ್ಮಿ ಇದ್ದರೂ ನಡೆಯುತ್ತದೆ, ಕಣ್ಣು ಮತ್ತು ಶಿಸ್ತು ಇದ್ದರೆ ಸಾಕು. 1984ರಲ್ಲಿ ಆರ್ಮಿ ಏಳು ಗೆದ್ದು, ಮೊದಲ ಬಾರಿಗೆ ಬೌಲ್ ಪಂದ್ಯ ಆಡಿ, ಮಿಷಿಗನ್ ಸ್ಟೇಟ್ ತಂಡವನ್ನು 10–6ರಿಂದ ಸೋಲಿಸಿತು.

ಇನ್ನೇನು, ದಾರಿ ಸಿಕ್ಕಿತಲ್ಲ? ಆದರೆ ಇವರಿಗೆ ಅದು ಹಳೇಕಾಲದ ಆಟ ಅನ್ನಿಸಿತು. 1998ರಲ್ಲಿ ಒಂದು ಲೀಗ್ ಸೇರಿದರು. 2000ದಲ್ಲಿ ಟಾಡ್ ಬೆರ್ರಿ ಬಂದು ಎಲ್ಲರ ಹಾಗೆ ಚೆಂಡು ಎಸೆಯುವ ಆಟ ತಂದರು. ಎಲ್ಲರ ಹಾಗೆ ಆಡಬೇಕಾದರೆ ಎಲ್ಲರ ಹಾಗಿನ ಆಟಗಾರರು ಬೇಕು. ಅವರ ಕಾಲದಲ್ಲಿ 5 ಗೆಲುವು, 35 ಸೋಲು. ಮೇಲೆ ಹೇಳಿದ 2003 ಬಂದದ್ದು ಹೀಗೆ. ಅತ್ತ ನೌಕಾ ಅಕಾಡೆಮಿಯವರು 2002ರಲ್ಲಿ ಪಾಲ್ ಜಾನ್ಸನ್‌ನನ್ನು ಕರೆತಂದು ಆಪ್ಷನ್ ಆಟವನ್ನೇ ಗಟ್ಟಿ ಹಿಡಿದರು. 2002ರಿಂದ 2015ರವರೆಗೆ ಆರ್ಮಿಯನ್ನು ಸತತ 14 ಸಲ ಸೋಲಿಸಿದರು. ಆ ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಒಟ್ಟಿಗೆ ನಿಂತು ಎರಡೂ ಅಕಾಡೆಮಿಗಳ ಗೀತೆ ಹಾಡುವ ಪದ್ಧತಿ ಇದೆ. ಸೋತವರದು ಮೊದಲು, ಗೆದ್ದವರದು ಆಮೇಲೆ. ಆ ವರ್ಷಗಳಲ್ಲಿ ಆರ್ಮಿಗೆ ಸೇರಿ, ನಾಲ್ಕು ವರ್ಷ ಆಡಿ, ಒಂದೇ ಒಂದು ಸಲವೂ ಎರಡನೆಯದಾಗಿ ಹಾಡದೆ ಅಫ್ಘಾನಿಸ್ತಾನಕ್ಕೋ ಇರಾಕಿಗೋ ಹೋದವರು ಎಷ್ಟು ಜನವೋ.

2014ರಲ್ಲಿ ಬಂದ ಜೆಫ್ ಮಂಕೆನ್ ಅದೇ ಜಾನ್ಸನ್‌ನ ಶಿಷ್ಯ. ಮಗ್ಗುಲು ಮನೆಯ ಗರಡಿಯಲ್ಲಿ ಪಳಗಿದವನನ್ನೇ ಕರೆತಂದ ಹಾಗಾಯಿತು. 2016ರಲ್ಲಿ 21–17ರಿಂದ ಆ ಸಾಲು ಮುರಿಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು 2018ರ ಒಕ್ಲಹೋಮಾ ಪಂದ್ಯ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ, ಆ ವರ್ಷದ ಹೈಸ್ಮನ್ ವಿಜೇತ. ಅವನನ್ನು ತಡೆಯಲು ಆರ್ಮಿ ಹುಡುಕಿದ ಉಪಾಯ, ಅವನ ಕೈಗೆ ಚೆಂಡೇ ಕೊಡದಿರುವುದು! ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. 60 ನಿಮಿಷದ ಆಟದಲ್ಲಿ 44 ನಿಮಿಷಕ್ಕೂ ಜಾಸ್ತಿ ಚೆಂಡು ಇವರ ಹತ್ತಿರವೇ ಇತ್ತು. ಹೆಚ್ಚುವರಿ ಸಮಯದಲ್ಲಿ 28–21ರಿಂದ ಸೋತರು. ನೋಡುವವರಿಗೆ ಬೋರು ಅನ್ನುತ್ತಾರೆ. ಟೆಸ್ಟ್ ಕ್ರಿಕೆಟ್ ನೋಡಿ ಬೆಳೆದ ನನಗೆ ಏನೂ ಬೋರಾಗಲಿಲ್ಲ.

ಈಗಿನ ಕಾಲೇಜು ಫುಟ್‌ಬಾಲ್ ಪೂರಾ ದುಡ್ಡಿನದು. ಆಟಗಾರರು ತಮ್ಮ ಹೆಸರು, ಮುಖ ಮಾರಿ ಸಂಪಾದಿಸುತ್ತಾರೆ, ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. ಸೇನೆಯ ಸಂಬಳದ ಪಟ್ಟಿಯಲ್ಲಿರುವ ಕೆಡೆಟ್‌ಗೆ ಆ ಬಾಗಿಲು ಮುಚ್ಚಿದೆ. ಹೀಗಿರುವಾಗ ಆರ್ಮಿ ಮುಳುಗಿಯೇ ಹೋಗಬೇಕಿತ್ತು. ಆದದ್ದೇ ಬೇರೆ. ಊರೂರು ಬದಲಿಸುವ ತಂಡಗಳ ನಡುವೆ ನಾಲ್ಕು ವರ್ಷ ಒಟ್ಟಿಗೆ ಇರುವ ತಂಡವೇ ಒಂದು ಬಲವಾಯಿತು. 2024ರಲ್ಲಿ ಮತ್ತೆ ಒಂದು ಲೀಗ್ ಸೇರಿದರು. ಈ ಸಲ ತಮ್ಮ ಆಟ ಬಿಡದೆ ಸೇರಿದರು. ಮೈಕಿ ಹೆಸರಿನ ಆ ಕ್ರೀಡಾಂಗಣದಲ್ಲೇ ಟುಲೇನ್ ತಂಡವನ್ನು 35–14ರಿಂದ ಸೋಲಿಸಿ ಲೀಗಿನ ಪ್ರಶಸ್ತಿ ಗೆದ್ದರು. ಇವರ ಇತಿಹಾಸದಲ್ಲೇ ಮೊದಲ ಲೀಗ್ ಪ್ರಶಸ್ತಿ ಅದು. ಸೀಸನ್ ಮುಗಿದಾಗ 12 ಗೆಲುವು, 2 ಸೋಲು. ಬ್ಲೇಕ್ ಕಾಲದಲ್ಲೂ ಒಂದು ವರ್ಷಕ್ಕೆ 12 ಗೆದ್ದಿರಲಿಲ್ಲ. ಆಗ ಅಷ್ಟು ಪಂದ್ಯಗಳೇ ಇರಲಿಲ್ಲ ಅನ್ನಿ.

ಆ ಎರಡು ಸೋಲಿನಲ್ಲಿ ಒಂದು ನೋಟರ್ ಡೇಮ್ ಎದುರು, 49–14. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಇನ್ನೊಂದು, ಪ್ರಶಸ್ತಿ ಗೆದ್ದ ಮುಂದಿನ ವಾರವೇ. ನೌಕಾ ಅಕಾಡೆಮಿ 31, ಆರ್ಮಿ 13. ವೆಸ್ಟ್ ಪಾಯಿಂಟ್‌ನವರ ಹತ್ತಿರ 2024ರ ಮಾತು ತೆಗೆದು ನೋಡಿ, ಪ್ರಶಸ್ತಿಗಿಂತ ಮುಂಚೆ ಈ ಸ್ಕೋರೇ ಬಾಯಿಗೆ ಬರುತ್ತದೆ.